ಕನ್ನಡ ಶೀರ್ಷಿಕೆಯ ಸಾಲುಗಳು ಒಂದಕ್ಕೊಂದು ತಾಗುತ್ತಿವೆ: ಲೈನ್-ಹೈಟ್ ಹೇಗೆ ಕೊಡಬೇಕು?

ಪ್ರಶ್ನೆ: ಬಿಸಿಎ ವಿದ್ಯಾರ್ಥಿನಿ

ಮಾನ್ಯರೇ, ಜಾನಪದ ಕಲೆಗಳನ್ನು ಕುರಿತು ಕನ್ನಡದಲ್ಲಿ ಒಂದು ವೆಬ್ ಪುಟವನ್ನು ಸಿದ್ಧಪಡಿಸುತ್ತಿದ್ದೇನೆ. ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ, ಇಡೀ ಪುಟವನ್ನು ಒಳಗೊಳ್ಳುವ ಬಾಡಿ ಟ್ಯಾಗಿಗೆ ಫಾಂಟ್-ಸೈಜ್ (ಅಕ್ಷರದ ಗಾತ್ರ) 16 ಪಿಕ್ಸೆಲ್, ಲೈನ್-ಹೈಟ್ (ಸಾಲಿನ ಎತ್ತರ) 150 ಪರ್ಸೆಂಟ್ ಎಂದು ಕೊಟ್ಟಿದ್ದೇನೆ. ಪ್ಯಾರಾಗಳು ಚೆನ್ನಾಗಿಯೇ ಕಾಣುತ್ತವೆ. ಆದರೆ ಎಚ್‌1 ಎಂಬ ಮುಖ್ಯ ಶೀರ್ಷಿಕೆಯು ಮೊಬೈಲಿನಲ್ಲಿ ಎರಡು ಸಾಲಾದಾಗ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ. ಇಂಗ್ಲಿಷ್ ಶೀರ್ಷಿಕೆ ಹಾಕಿದರೆ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಇದು ಫಾಂಟಿನ ದೋಷವೇ?

ಉತ್ತರ 1

ಎಚ್‌1ಗೆ ಪ್ರತ್ಯೇಕವಾಗಿ ಲೈನ್-ಹೈಟ್ 48 ಪಿಕ್ಸೆಲ್ ಎಂದು ಬರೆಯಿರಿ, ಸರಿಹೋಗುತ್ತದೆ.

ಉತ್ತರ 2

ಮೇಲಿನ ಸಲಹೆಯಿಂದ ಈ ಶೀರ್ಷಿಕೆ ಸರಿಹೋಗುವುದು ನಿಜ, ಆದರೆ ನಾಳೆ ಅಕ್ಷರದ ಗಾತ್ರ ಬದಲಿಸಿದರೆ ಆ 48ನ್ನೂ ಕೈಯಾರೆ ತಿದ್ದಬೇಕಾಗುತ್ತದೆ. ಆದ್ದರಿಂದ ಕಾರಣವನ್ನು ತಿಳಿದುಕೊಳ್ಳುವುದೇ ಮೇಲು.

ದೋಷ ಫಾಂಟಿನದಲ್ಲ. ಲೈನ್-ಹೈಟ್ ಎಂಬುದು ಹೊರಗಿನ ಟ್ಯಾಗಿನಿಂದ ಒಳಗಿನ ಟ್ಯಾಗುಗಳಿಗೆ ಇಳಿದು ಬರುವ ಗುಣ. ಅದನ್ನು ಪರ್ಸೆಂಟಿನಲ್ಲಿ ಕೊಟ್ಟಾಗ ಬ್ರೌಸರ್ ಬಾಡಿಯಲ್ಲಿಯೇ ಲೆಕ್ಕ ಮುಗಿಸಿ, 16ರ 150 ಪರ್ಸೆಂಟ್ ಆದ 24 ಪಿಕ್ಸೆಲ್ ಎಂಬ ಸಿದ್ಧ ಅಳತೆಯನ್ನೇ ಒಳಗಿನ ಎಲ್ಲ ಟ್ಯಾಗುಗಳಿಗೂ ದಾಟಿಸುತ್ತದೆ. ನೀವು ಬೇರೇನನ್ನೂ ಬರೆಯದಿದ್ದರೆ ಎಚ್‌1ನ ಅಕ್ಷರದ ಗಾತ್ರ ಬಾಡಿಯ ಎರಡರಷ್ಟು, ಅಂದರೆ 32 ಪಿಕ್ಸೆಲ್. ಅಷ್ಟು ದೊಡ್ಡ ಅಕ್ಷರಗಳಿಗೆ ಸಿಗುತ್ತಿರುವ ಸಾಲಿನ ಎತ್ತರ ಬರೀ 24. ಕನ್ನಡದಲ್ಲಿ ಒತ್ತುಗಳು ಅಕ್ಷರದ ಕೆಳಗೆ ಇಳಿಯುವುದರಿಂದ ಈ ಇಕ್ಕಟ್ಟು ಮೊದಲು ನಮ್ಮ ಲಿಪಿಯಲ್ಲಿಯೇ ಎದ್ದು ಕಾಣುತ್ತದೆ.

ಬಾಡಿಯಲ್ಲಿ ಪಿಕ್ಸೆಲ್, ಪರ್ಸೆಂಟ್ ಮುಂತಾದ ಯಾವ ಏಕಮಾನವನ್ನೂ ಸೇರಿಸದೆ 1.5 ಎಂದಷ್ಟೇ ಬರೆಯಿರಿ. ಆಗ ಇಳಿದು ಬರುವುದು ಗುಣಕ ಮಾತ್ರ. ಪ್ರತಿಯೊಂದು ಟ್ಯಾಗೂ ತನ್ನ ಅಕ್ಷರದ ಗಾತ್ರದಿಂದ ಅದನ್ನು ಗುಣಿಸಿಕೊಳ್ಳುವುದರಿಂದ ಎಚ್‌1ಗೆ ತಾನಾಗಿಯೇ 48 ಪಿಕ್ಸೆಲ್ ದೊರೆಯುತ್ತದೆ. ಕನ್ನಡದ ದೀರ್ಘ ಬರಹಗಳಿಗೆ 1.7ರವರೆಗೂ ಏರಿಸಬಹುದೆಂಬುದು ನನ್ನ ಅಭಿಪ್ರಾಯ. ಇಂಗ್ಲಿಷ್ ಪುಟಗಳಿಗೆ ಹೊಂದಿಸಿದ ಅಳತೆಯನ್ನು ಹಾಗೆಯೇ ತಂದು ಕನ್ನಡದ ಮೇಲೆ ಹೇರಿದರೆ ಓದುಗರ ಕಣ್ಣಿಗೆ ಶ್ರಮವಾಗುತ್ತದೆ.

ಉತ್ತರ 3

ಬ್ರೌಸರಿನಲ್ಲಿ ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿ, ಇನ್‌ಸ್ಪೆಕ್ಟ್ ತೆರೆದು, ಕಂಪ್ಯೂಟೆಡ್ ವಿಭಾಗವನ್ನು ನೋಡಿದರೆ ಆ 24 ಪಿಕ್ಸೆಲ್ ನಿಮಗೇ ಕಾಣುತ್ತದೆ. ಜೊತೆಗೆ, ಪಠ್ಯವಿರುವ ಪೆಟ್ಟಿಗೆಗಳಿಗೆ ನಿಗದಿತ ಹೈಟ್ ಕೊಟ್ಟು ಓವರ್‌ಫ್ಲೋ ಹಿಡನ್ (ಹೊರಚಾಚಿದ ಭಾಗವನ್ನು ಮರೆಮಾಡುವುದು) ಮಾಡಬೇಡಿ, ಒತ್ತಕ್ಷರಗಳು ಅರ್ಧಕ್ಕೇ ಕತ್ತರಿಸಿಹೋಗುತ್ತವೆ. ಮೇಲೆ ಕೆಳಗೆ ಪ್ಯಾಡಿಂಗ್ (ಪೆಟ್ಟಿಗೆಯೊಳಗಿನ ಖಾಲಿ ಜಾಗ) ಕೊಟ್ಟರೆ ಸಾಕು.

ಬಿಸಿಎ ವಿದ್ಯಾರ್ಥಿನಿ

1.5 ಎಂದು ಬದಲಿಸಿದೆ, ಸಾಲುಗಳು ಬಿಡಿಸಿಕೊಂಡವು. ಧನ್ಯವಾದಗಳು. 1.5 ಇಎಂ (ಅಕ್ಷರದ ಗಾತ್ರವನ್ನು ಆಧರಿಸಿದ ಏಕಮಾನ) ಎಂದು ಬರೆದರೂ ಇದೇ ಫಲವೇ?

ಉತ್ತರ 2

ಇಲ್ಲ. ಇಎಂ ಕೂಡ ಪರ್ಸೆಂಟಿನಂತೆಯೇ ಬಾಡಿಯಲ್ಲಿ 24 ಪಿಕ್ಸೆಲ್ ಆಗಿಬಿಟ್ಟು, ಆ ಅಳತೆಯೇ ಶೀರ್ಷಿಕೆಗೂ ಇಳಿಯುತ್ತದೆ.