ತೋಟದ ಮನೆಯ ಈಜುಕೊಳಕ್ಕೆ ಬಿಸಿಲಿನ ಶಾಖ: ಪೈಪೋ, ಪ್ಯಾನೆಲ್ಲೋ?

ಆನಗೋಡು ತೋಟದ ಮನೆ:
ದಾವಣಗೆರೆ ತಾಲ್ಲೂಕಿನ ಆನಗೋಡು ಬಳಿ ನಮ್ಮ ಅಡಿಕೆ ತೋಟವಿದೆ. ಅಲ್ಲಿನ ಮನೆಯ ಹಿತ್ತಲಲ್ಲಿ 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳದ ಒಂದು ಈಜುಕೊಳವನ್ನು ಮಕ್ಕಳಿಗೆಂದು ಕಟ್ಟಿಸಿದ್ದೇವೆ. ಮಾರ್ಚ್‌ನಿಂದ ಮೇ ತನಕ ಅವರನ್ನು ನೀರಿನಿಂದ ಎಬ್ಬಿಸುವುದೇ ಕಷ್ಟ. ದೀಪಾವಳಿ ಕಳೆದು ಚಳಿ ಹಿಡಿಯಿತೆಂದರೆ ಶಿವರಾತ್ರಿಯವರೆಗೂ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ನೀರು 21-22 ಡಿಗ್ರಿ ಇರುತ್ತದೆ, ಅದನ್ನು 28ಕ್ಕೆ ತರಬೇಕೆಂಬುದು ನನ್ನ ಆಸೆ. ದನದ ಕೊಟ್ಟಿಗೆಯ ಶೀಟಿನ ಮೇಲೆ 3 ಕಿಲೋವ್ಯಾಟ್‌ನಷ್ಟು ಸೋಲಾರ್ ಪ್ಯಾನೆಲ್ ಹಾಕಿ, ಬ್ಯಾಟರಿ ಮತ್ತು ಇನ್ವರ್ಟರ್ ಖರ್ಚು ಉಳಿಸಲು ಅದರ ಕರೆಂಟನ್ನು ನೇರವಾಗಿ ಹೀಟರ್ ಕಾಯಿಲ್‌ಗೆ ಕೊಟ್ಟು ನೀರು ಕಾಯಿಸಬಹುದೇ? ನಾವೇ ಮಾಡಿಕೊಳ್ಳಬಹುದಾದ ಕೆಲಸವೇ ಎಂಬುದನ್ನು ಬಲ್ಲವರು ತಿಳಿಸಬೇಕು.

ವಿದ್ಯಾನಗರದ ಮೇಷ್ಟ್ರು:
ಪ್ಯಾನೆಲ್ ಕೊಳ್ಳುವ ಮೊದಲು ಲೆಕ್ಕ ಹಾಕಿ ನೋಡಿ. ನಿಮ್ಮ ಕೊಳ ಸುಮಾರು 22,600 ಲೀಟರ್ ನೀರು ಹಿಡಿಯುತ್ತದೆ. ಸಾವಿರ ಲೀಟರ್ ನೀರು ಒಂದು ಡಿಗ್ರಿ ಏರಲು 1.16 ಯೂನಿಟ್ ಬೇಕು. ಹಾಗಾಗಿ ಇಡೀ ಕೊಳಕ್ಕೆ ಡಿಗ್ರಿಯೊಂದಕ್ಕೆ 26 ಯೂನಿಟ್, ಆರು ಡಿಗ್ರಿಗೆ ಹತ್ತಿರ ಹತ್ತಿರ 157 ಯೂನಿಟ್. ನಮ್ಮ ಸೀಮೆಯಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆಂದು ಹಿಡಿದರೂ ನಿಮ್ಮ 3 ಕಿಲೋವ್ಯಾಟ್‌ನಿಂದ ಬರುವುದು 12 ಯೂನಿಟ್, ಅಂದರೆ ದಿನವಿಡೀ ಬಿಸಿಲು ಬಿದ್ದರೂ ಅರ್ಧ ಡಿಗ್ರಿಗಿಂತ ಕಡಿಮೆ. ಒಂದು ರಾತ್ರಿಯ ಚಳಿಗೆ ಅದು ಸಾಲದು.

ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನ ಐದನೇ ಒಂದು ಭಾಗವನ್ನಷ್ಟೇ ಕರೆಂಟಾಗಿ ಮಾರ್ಪಡಿಸುತ್ತದೆ. ಬೇಕಾಗಿರುವುದು ಶಾಖವೇ ಆಗಿರುವಾಗ ಅದನ್ನು ಮೊದಲು ವಿದ್ಯುತ್ ಮಾಡಿ, ಆಮೇಲೆ ಮತ್ತೆ ಶಾಖ ಮಾಡುವ ಸುತ್ತುದಾರಿ ಏಕೆ? ಅದೇ ಕೊಟ್ಟಿಗೆಯ ಮೇಲೆ 200 ಚದರ ಅಡಿ, ಅಂದರೆ ಕೊಳದ ಮೈಯಷ್ಟೇ ಜಾಗದಲ್ಲಿ, ಕಪ್ಪು ಪ್ಲಾಸ್ಟಿಕ್ ಪೈಪನ್ನು ಒತ್ತೊತ್ತಾಗಿ ಹಾಸಿ ಕೊಳದ ನೀರನ್ನೇ ಅದರೊಳಗೆ ಹರಿಸಿದರೆ, ಬಿದ್ದ ಬಿಸಿಲಿನ ಶೇ. 60ರಷ್ಟು ಹಿಡಿದರೂ ದಿನಕ್ಕೆ 60 ಯೂನಿಟ್ ಆಯಿತು, ಎರಡು ಡಿಗ್ರಿಗಿಂತ ಹೆಚ್ಚು. ಸ್ನಾನದ ನೀರಿನ ಸೋಲಾರ್ ಹೀಟರ್‌ಗೆ ಗಾಜು ಬೇಕಾಗುವುದು ಅದು 60 ಡಿಗ್ರಿ ಮುಟ್ಟಬೇಕಾದ ಕಾರಣಕ್ಕೆ. ಕೊಳದ ನೀರು 28 ಡಿಗ್ರಿ, ಮಧ್ಯಾಹ್ನದ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ಬೆಚ್ಚಗಿರುವುದರಿಂದ ಬರೀ ಪೈಪಿನಿಂದ ಹೊರಕ್ಕೆ ಹೋಗುವ ಶಾಖ ಬಹಳ ಕಡಿಮೆ.

ಹಿರಿಯೂರಿನ ಸೋಲಾರ್ ಫಿಟ್ಟರ್:
ಮೇಷ್ಟ್ರ ಲೆಕ್ಕ ಸರಿಯಿದೆ, ಆದರೆ ಅದು ಕಾಯಿಲ್ ಹೀಟರ್‌ಗೆ ಮಾತ್ರ ಅನ್ವಯಿಸುವ ಲೆಕ್ಕ. ಅದೇ 12 ಯೂನಿಟ್ ಕರೆಂಟಿನಿಂದ ಹೀಟ್ ಪಂಪ್ ಓಡಿಸಿದರೆ ಅದು ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಹಾಕುತ್ತದೆ, ಒಂದು ಯೂನಿಟ್‌ಗೆ ನಾಲ್ಕೈದು ಯೂನಿಟ್ ಶಾಖ ಸಿಗುತ್ತದೆ, ಅಂದರೆ 48ರಿಂದ 60. ಅಲ್ಲಿಗೆ ಪೈಪಿಗೂ ಪ್ಯಾನೆಲ್ಲಿಗೂ ಸಮ ಆಯಿತು. ಪೈಪು ಚಳಿಗಾಲದ ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಬಿಸಿಲಿಗೆ ಸುಮ್ಮನೆ ಒಣಗುತ್ತದೆ. ಪ್ಯಾನೆಲ್ ವರ್ಷಪೂರ್ತಿ ಮನೆಗೆ ಕರೆಂಟು ಕೊಡುತ್ತದೆ, ಉಳಿದದ್ದು ಬೆಸ್ಕಾಂಗೆ ಹೋಗುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಗೃಹಬಳಕೆಯ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವೂ ಇದೆ. ಆದರೆ ಗ್ರಿಡ್‌ಗೆ ಸೇರಿಸದೆ ನೀವೇ ಕಾಯಿಲ್‌ಗೆ ಜೋಡಿಸಿಕೊಂಡ ಪ್ಯಾನೆಲ್‌ಗೆ ಅದು ಸಿಗುವುದಿಲ್ಲ.

ಒಂದು ಮಾತನ್ನು ಮಾತ್ರ ಖಂಡಿತವಾಗಿ ಹೇಳುತ್ತೇನೆ. ಪ್ಯಾನೆಲ್‌ನ ಡಿ.ಸಿ. ಕರೆಂಟನ್ನು ನೀರು ಕಾದೊಡನೆ ಕರೆಂಟು ಕಡಿಯುವ ಸಾಮಾನ್ಯ ಗೀಜರ್ ಥರ್ಮೋಸ್ಟಾಟ್‌ಗೆ ನೇರವಾಗಿ ಕೊಡಬೇಡಿ. ಎ.ಸಿ. ಕರೆಂಟು ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಇಳಿಯುವುದರಿಂದ ಸ್ವಿಚ್ ಬಿಟ್ಟಾಗ ಏಳುವ ಕಿಡಿ ತಾನೇ ಆರುತ್ತದೆ, ಡಿ.ಸಿ.ಯಲ್ಲಿ ಆರುವುದಿಲ್ಲ, ಪಾಯಿಂಟುಗಳು ಕರಗಿ ಅಂಟಿಕೊಂಡು ಹೀಟರ್ ಆಫ್ ಆಗುವುದೇ ನಿಲ್ಲುತ್ತದೆ. ಮಕ್ಕಳು ಇಳಿಯುವ ನೀರಿನಲ್ಲಿ ಇಂಥ ಪ್ರಯೋಗ ಬೇಡವೇ ಬೇಡ.

ವಿದ್ಯಾನಗರದ ಮೇಷ್ಟ್ರು:
ಡಿ.ಸಿ. ವಿಷಯದಲ್ಲಿ ಫಿಟ್ಟರ್ ಹೇಳಿದ್ದಕ್ಕೆ ನನ್ನ ಪೂರ್ಣ ಸಹಮತವಿದೆ. ಹೀಟ್ ಪಂಪ್ ಉತ್ತಮ ಯಂತ್ರ ಎಂಬುದೂ ನಿಜ, ಆದರೆ ಅದು ಲಕ್ಷದ ಮಾತು; ಕೇಳಿದವರು ಕೇಳಿದ್ದು ಮನೆಯಲ್ಲೇ ಮಾಡಿಕೊಳ್ಳುವ ಉಪಾಯವನ್ನು.

ಚಳ್ಳಕೆರೆಯ ರೈತ ಮಹಿಳೆ:
ನೀವೆಲ್ಲ ನೀರನ್ನು ಕಾಯಿಸುವ ಚರ್ಚೆಯಲ್ಲಿದ್ದೀರಿ. ನಮ್ಮಲ್ಲಿ ನೀರು ಸಿಗುವುದೇ ಚರ್ಚೆ. ಎಂಟುನೂರು ಅಡಿ ಕೊರೆದರೂ ಎರಡು ಇಂಚು ಬಂದರೆ ಪುಣ್ಯ ಎನ್ನುವ ಊರಿನಿಂದ ಬರೆಯುತ್ತಿದ್ದೇನೆ. ಬೆಚ್ಚಗಿನ ನೀರು ಬೇಗ ಆವಿಯಾಗುತ್ತದೆ, ಆವಿಯಾದಷ್ಟೂ ಬೋರಿನಿಂದ ಮತ್ತೆ ತುಂಬಿಸಬೇಕು. ಕೃಷಿ ಪಂಪ್‌ಸೆಟ್‌ಗೆ ಸರ್ಕಾರ ಕೊಡುವ ಉಚಿತ ಕರೆಂಟಿನಲ್ಲಿ ಈಜುಕೊಳ ತುಂಬಿಸುವುದು ನ್ಯಾಯವೇ ಎಂದು ಆನಗೋಡಿನ ಅಣ್ಣನವರು ಯೋಚಿಸಿದ್ದಾರೆಯೇ?

ಆನಗೋಡು ತೋಟದ ಮನೆ:
ಅಕ್ಕಾ, ಕೊಳ ತುಂಬುವುದು ಮನೆಯ ಮೀಟರಿನ ಮೋಟರ್‌ನಿಂದ, ತೋಟದ ಪಂಪ್‌ಸೆಟ್‌ನಿಂದಲ್ಲ. ವರ್ಷಕ್ಕೊಮ್ಮೆ ಖಾಲಿ ಮಾಡುವಾಗಲೂ ಕೆಲವು ದಿನ ಕ್ಲೋರಿನ್ ಹಾಕದೆ ಬಿಸಿಲಿಗೆ ಬಿಟ್ಟು, ಅದು ಇಳಿದ ಮೇಲೆ ನೀರನ್ನು ಅಡಿಕೆಗೇ ಹರಿಸುತ್ತೇವೆ.

ವಿದ್ಯಾನಗರದ ಮೇಷ್ಟ್ರು:
ಚಳ್ಳಕೆರೆಯವರ ಆಕ್ಷೇಪಣೆಯನ್ನು ಬದಿಗೆ ಸರಿಸಬೇಡಿ, ಏಕೆಂದರೆ ನಿಮ್ಮ ನೀರು ಹೋಗುವ ದಾರಿಯೂ ಶಾಖ ಹೋಗುವ ದಾರಿಯೂ ಒಂದೇ. ಒಂದು ಲೀಟರ್ ನೀರು ಆವಿಯಾಗುವಾಗ ಕೊಂಡೊಯ್ಯುವ ಶಾಖ ಎಷ್ಟೆಂದರೆ, ಅದರಿಂದ 580 ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗುತ್ತದೆ. ಡಿಸೆಂಬರ್‌ನ ಒಣ ಮೂಡಗಾಳಿಗೆ ನಿಮ್ಮ ಕೊಳದ ನೀರು ದಿನಕ್ಕೆ 5 ಮಿಲಿಮೀಟರ್ ಇಳಿಯಿತೆಂದು ಭಾವಿಸಿ. ಅದು 93 ಲೀಟರ್, ಅದರೊಡನೆ ಹೋದ ಶಾಖ 62 ಯೂನಿಟ್. ಅಂದರೆ 200 ಚದರ ಅಡಿಯ ಪೈಪು ಹಗಲೆಲ್ಲ ದುಡಿದು ತಂದದ್ದನ್ನು ಕೊಳದ ಮೈ ಸದ್ದಿಲ್ಲದೆ ಗಾಳಿಗೆ ಕೊಟ್ಟುಬಿಡುತ್ತದೆ. ಅಡಿಕೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಮರಕ್ಕೆ ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಕೊಡುತ್ತೇವೆ, ಹಾಗಾಗಿ ಪ್ರತಿದಿನ ಐದು ಮರದ ನೀರು ಆಕಾಶದ ಪಾಲು.

ತೆರೆದ ಕೊಳದ ಶಾಖನಷ್ಟದಲ್ಲಿ ದೊಡ್ಡ ಪಾಲು ಈ ಆವಿಯದೇ. ಆದ್ದರಿಂದ ಪ್ಯಾನೆಲ್ಲೋ ಪೈಪೋ ಎಂಬ ಜಗಳಕ್ಕೆ ಮೊದಲು ಕೊಳಕ್ಕೊಂದು ಹೊದಿಕೆ ತನ್ನಿ. ಗುಳ್ಳೆಗುಳ್ಳೆಯಾಗಿರುವ ಪಾರದರ್ಶಕ ಬಬಲ್ ಶೀಟ್ ಆದರೆ ಹಗಲಿನ ಬಿಸಿಲನ್ನು ಒಳಕ್ಕೆ ಬಿಡುತ್ತದೆ, ಆವಿಯನ್ನು ತಡೆಯುತ್ತದೆ. ಕೊಳದ ಮೇಲೆ ನೇರವಾಗಿ ಬೀಳುವ ಬಿಸಿಲೂ ದಿನಕ್ಕೆ 90 ಯೂನಿಟ್ ಆಸುಪಾಸು ಇರುತ್ತದೆಂಬುದನ್ನು ಮರೆಯಬೇಡಿ. ದಕ್ಷಿಣಕ್ಕೆ ತೆಂಗೋ ಮಾವೋ ನೆರಳು ಚೆಲ್ಲುತ್ತಿದ್ದರೆ ಅದರ ಕೊಂಬೆ ಸವರುವುದು ಯಾವ ಯಂತ್ರಕ್ಕಿಂತಲೂ ಅಗ್ಗ.

ಚಿತ್ರದುರ್ಗದ ಈಜು ತರಬೇತುದಾರ:
ಗಾಳಿಯ ವಿಷಯಕ್ಕೆ ನಾನೂ ಒಂದು ಮಾತು ಸೇರಿಸುತ್ತೇನೆ. ನಮ್ಮ ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ, ಆನಗೋಡಿನ ಬಯಲಿಗೂ ಆ ಗಾಳಿ ತಪ್ಪಿದ್ದಲ್ಲ. ಕೊಳದ ಮೂಡಣ ಬದಿಗೆ ಆಳೆತ್ತರದ ಗೋಡೆಯೋ ದಟ್ಟವಾದ ಬೇಲಿಯೋ ಇದ್ದರೆ ನೀರಿಗೂ ಒಳ್ಳೆಯದು, ಒದ್ದೆ ಮೈಯಲ್ಲಿ ಮೇಲೆ ಬರುವ ಮಕ್ಕಳಿಗೂ ಒಳ್ಳೆಯದು. 28 ಡಿಗ್ರಿ ಮಕ್ಕಳಿಗೆ ಸರಿಯಾದ ಗುರಿ; ಸ್ಪರ್ಧೆಯ ಕೊಳಗಳಿಗೆ 25ರಿಂದ 28 ಡಿಗ್ರಿ ಎಂಬ ನಿಯಮವಿದೆ, ಕಲಿಯುವ ಮಕ್ಕಳಿಗೆ ಅದಕ್ಕಿಂತ ತುಸು ಹೆಚ್ಚಿದ್ದರೂ ತೊಂದರೆಯಿಲ್ಲ. ನೀರು ಬೆಚ್ಚಗಾದಂತೆ ಕ್ಲೋರಿನ್ ಬೇಗ ಖರ್ಚಾಗುತ್ತದೆ, ಪಾಚಿಯೂ ಚುರುಕಾಗುತ್ತದೆ.

ಹೊದಿಕೆಯ ಬಗ್ಗೆ ನನಗೆ ಭಯವಿರುವುದು ಬೇರೆ ಕಾರಣಕ್ಕೆ. ಮೆಕ್ಕೆಜೋಳ ಮುಚ್ಚುವ ತಾಡಪಾಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಮಗುವಿನ ಕಣ್ಣಿಗೆ ಅದು ನೆಲದಂತೆ ಕಾಣುತ್ತದೆ, ಮೇಲೆ ಕಾಲಿಟ್ಟರೆ ಸುತ್ತಿಕೊಂಡು ಒಳಕ್ಕೆ ಎಳೆಯುತ್ತದೆ. ಕೃಷಿ ಹೊಂಡದ ಜಾರುವ ಪ್ಲಾಸ್ಟಿಕ್ ಮೇಲೆ ಕಾಲು ನಿಲ್ಲದೆ ಮಕ್ಕಳು ಹೋದ ಸುದ್ದಿಯನ್ನು ನಮ್ಮ ಜಿಲ್ಲೆಗಳವರು ಓದಿಯೇ ಇದ್ದೇವೆ. ಸುತ್ತ ಬೇಲಿ, ಬೀಗವಿರುವ ಗೇಟು ಆಗುವವರೆಗೆ ಹೊದಿಕೆ ಹಾಕಬೇಡಿ, ಮತ್ತು ಯಾರಾದರೂ ನೀರಿಗಿಳಿಯುವ ಮುನ್ನ ಅದನ್ನು ಅರ್ಧ ಸರಿಸದೆ ಪೂರ್ತಿ ತೆಗೆಯಿರಿ.

ಆನಗೋಡು ತೋಟದ ಮನೆ:
ಬೇಲಿ ಈಗಾಗಲೇ ಇದೆ, ಗೇಟಿಗೆ ಬೀಗ ಹಾಕಿಸುತ್ತೇನೆ. ಪೈಪಿನ ವಿಷಯಕ್ಕೆ ಬಂದರೆ, ಹಳೆಯ ತೋಟದಿಂದ ತೆಗೆದ 16 ಎಂ.ಎಂ. ಡ್ರಿಪ್ ಪೈಪು ರಾಶಿ ಬಿದ್ದಿದೆ. ಅದನ್ನೇ ಒಂದಕ್ಕೊಂದು ಜೋಡಿಸಿ ಚಕ್ಕುಲಿಯಂತೆ ಸುತ್ತಿ ಕೊಟ್ಟಿಗೆಯ ಮೇಲೆ ಇಟ್ಟರೆ ಆಗುವುದಿಲ್ಲವೇ? ಪಕ್ಕದ ತೋಟದವರು ಒಂದು ಸುರುಳಿ ಹಾಗೆ ಇಟ್ಟು ನೋಡಿದರಂತೆ. ಬಂದ ನೀರು ಕೈ ಸುಡುವಷ್ಟು ಬಿಸಿ ಇತ್ತಂತೆ.

ಹೊಳಲ್ಕೆರೆಯ ಡ್ರಿಪ್ ಕೆಲಸದವರು:
ಅಣ್ಣಾ, ಮೊದಲು ಆ ರಾಶಿಯಲ್ಲಿ ಇರುವುದು ಇನ್‌ಲೈನೋ, ಒಳಗೆ ಡ್ರಿಪ್ಪರ್ ಇಲ್ಲದ ಪ್ಲೇನ್ ಲ್ಯಾಟರಲ್ಲೋ ನೋಡಿ. ಇನ್‌ಲೈನ್ ಆಗಿದ್ದರೆ ಒಂದೆರಡು ಅಡಿಗೊಂದು ಹನಿ ಬಿಡುವ ಡ್ರಿಪ್ಪರ್ ಒಳಗೇ ಇರುತ್ತದೆ, ನಿಮ್ಮ ಕೊಳದ ನೀರೆಲ್ಲ ಕೊಟ್ಟಿಗೆಯ ದನಗಳ ಮೇಲೆ ಮಳೆ ಸುರಿದಂತೆ ಸುರಿಯುತ್ತದೆ. ಪ್ಲೇನ್ ಲ್ಯಾಟರಲ್ ಆದರೆ ಮಾತ್ರ ಬಳಸಬಹುದು. ಅದರ ಕಪ್ಪಿಗೆ ಇಂಗಾಲದ ಪುಡಿ ಬೆರೆಸಿರುವುದರಿಂದ ಬಿಸಿಲಿಗೆ ಬೇಗ ಹಾಳಾಗುವುದಿಲ್ಲ. ಪೈಪಿನ ಪಕ್ಕ ಪೈಪು ಒತ್ತಿ ಹಾಸಿದರೆ ಒಂದು ಚದರ ಮೀಟರಿಗೆ ಅರವತ್ತು ಮೀಟರಿನ ಮೇಲೆ ಬೇಕಾಗುತ್ತದೆ, 200 ಚದರ ಅಡಿಗೆ ಹತ್ತಿರ ಹತ್ತಿರ 1,150 ಮೀಟರ್. ಅರ್ಧ ಜಾಗದಿಂದ ಶುರು ಮಾಡಿ, ಸಾಲದಿದ್ದರೆ ಮುಂದಿನ ವರ್ಷ ಸೇರಿಸಿಕೊಳ್ಳಬಹುದು.

ಒಂದೇ ಉದ್ದದ ಸುರುಳಿ ಮಾಡಬೇಡಿ. ನೂರಾರು ಮೀಟರ್ ಸಣ್ಣ ಪೈಪಿನಲ್ಲಿ ಪಂಪಿನ ಒತ್ತಡವೆಲ್ಲ ಉಜ್ಜಾಟಕ್ಕೇ ಹೋಗಿ ಆಚೆ ತುದಿಯಲ್ಲಿ ನೂಲಿನಂತೆ ನೀರು ಬರುತ್ತದೆ. ತೋಟದಲ್ಲಿ ಸಬ್‌ಮೇನ್ ಎಂಬ ದಪ್ಪ ಪೈಪಿಗೆ ಸಾಲಾಗಿ ಲ್ಯಾಟರಲ್ ಕೊಡುವ ಕ್ರಮವನ್ನೇ ಇಲ್ಲಿಯೂ ಅನುಸರಿಸಿ: ಕೆಳಗೊಂದು, ಮೇಲೊಂದು 63 ಎಂ.ಎಂ. ಪಿವಿಸಿ ಹೆಡರ್, ಅಂದರೆ ಎಲ್ಲ ಲ್ಯಾಟರಲ್‌ಗಳನ್ನು ಕೂಡಿಸುವ ಪೈಪು ಇಟ್ಟು, ಸಾಲಾಗಿ ಡ್ರಿಲ್ ಮಾಡಿ, ತೂತಿನ ಅಂಚಿನ ಚೂರುಗಳನ್ನು ಚಾಕುವಿನಿಂದ ಹೆರೆದು ಗ್ರೋಮೆಟ್ ಎಂಬ ರಬ್ಬರ್ ಬಳೆ ಕೂರಿಸಿ, ಲ್ಯಾಟರಲ್ ಸಿಕ್ಕಿಸುವ ಟೇಕಾಫ್ ಒತ್ತಿ, ಲ್ಯಾಟರಲ್‌ನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದಾಗ ಏರಿಸಿ. ತಣ್ಣಗಾದ ಮೇಲೆ ಎಳೆದರೂ ಬರಬಾರದು. ಚೂರು ಉಳಿದರೆ ಗ್ರೋಮೆಟ್ ರಬ್ಬರ್ ಸೀಳಿ ಅಲ್ಲೇ ಜಿನುಗಲು ಶುರುವಾಗುತ್ತದೆ.

ವಿದ್ಯಾನಗರದ ಮೇಷ್ಟ್ರು:
ಕೈ ಸುಡುವ ನೀರು ಬಂದಿತೆಂದು ಹಿಗ್ಗಬೇಕಿಲ್ಲ. ಪೈಪು ಬಿಸಿಯಾದಷ್ಟೂ ಅದು ಗಾಳಿಗೆ ಕಳೆದುಕೊಳ್ಳುವ ಶಾಖವೂ ಹೆಚ್ಚು. ಗಂಟೆಗೆ 3,000 ಲೀಟರ್ ಹರಿಸಿದರೆ 200 ಚದರ ಅಡಿಯಿಂದ ಬರುವ ನೀರು ಒಳಹೋದದ್ದಕ್ಕಿಂತ ಮೂರು ಡಿಗ್ರಿಯಷ್ಟೇ ಬೆಚ್ಚಗಿರುತ್ತದೆ, ಕೈಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೂ ದಿನದ ಕೊನೆಗೆ ಕೊಳಕ್ಕೆ ಸೇರುವ ಶಾಖ ಹೀಗೆಯೇ ಹೆಚ್ಚು. ಪೈಪು ಹಾಸಿದ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿರಲಿ. ನಾವಿರುವುದು 14 ಡಿಗ್ರಿ ಅಕ್ಷಾಂಶದಲ್ಲಿ, ಬೇಕಾಗಿರುವುದು ಚಳಿಗಾಲದ ಬಿಸಿಲು, ಹಾಗಾಗಿ 25-30 ಡಿಗ್ರಿ ಓರೆ ಸಾಕು.

ಹಿರಿಯೂರಿನ ಸೋಲಾರ್ ಫಿಟ್ಟರ್:
ಪೈಪಿನ ಪರವಾಗಿ ಮಾತನಾಡುವವರು ಪಂಪಿನ ಕರೆಂಟನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಒಂದು ಎಚ್.ಪಿ. ಫಿಲ್ಟರ್ ಪಂಪು ಐದು ಗಂಟೆ ಓಡಿದರೆ 4 ಯೂನಿಟ್ ಆಗುತ್ತದೆ. ತಾಪಮಾನ ನೋಡಿಕೊಂಡು ತಾನೇ ಶುರುವಾಗಿ ನಿಲ್ಲುವ ಸೆನ್ಸರ್ ಇಲ್ಲದಿದ್ದರೆ ಮೋಡದ ದಿನ ಅದೇ ಪೈಪು ಕೊಳವನ್ನು ತಣ್ಣಗೆ ಮಾಡುತ್ತದೆ.

ಹೊಳಲ್ಕೆರೆಯ ಡ್ರಿಪ್ ಕೆಲಸದವರು:
ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಮೋಡದ ದಿನ ಎಷ್ಟಿರುತ್ತದೆ ಸರ್? ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಟೈಮರ್ ಇಟ್ಟರೆ ಸಾಕು, ಮೋಡ ಕಂಡ ದಿನ ಸ್ವಿಚ್ ತೆಗೆದರಾಯಿತು. ಕೊಳಕ್ಕೆ ಹೇಗೂ ಫಿಲ್ಟರ್ ಓಡಲೇಬೇಕು, ಅದೇ ಸಮಯದಲ್ಲಿ ಓಡಿಸಿದರೆ ಆ 4 ಯೂನಿಟ್ ಹೊಸ ಖರ್ಚೇನೂ ಅಲ್ಲ.

ವಿದ್ಯಾನಗರದ ಮೇಷ್ಟ್ರು:
ಫಿಟ್ಟರ್ ಅವರು ಹಿಂದೆ ಪೈಪು ಎಂಟು ತಿಂಗಳು ಒಣಗುತ್ತದೆ ಎಂದಿದ್ದರು. ಏಪ್ರಿಲ್‌ನಲ್ಲಿ ಕೊಳದ ನೀರು 32-33 ಡಿಗ್ರಿ ಮುಟ್ಟಿ ಕಾದ ಹಂಡೆಯಂತಾದಾಗ ಅದೇ ಪೈಪಿನಲ್ಲಿ ರಾತ್ರಿ ನೀರು ಹರಿಸಿದರೆ, ತಿಳಿಯಾದ ಆಕಾಶಕ್ಕೆ ಶಾಖ ಬಿಟ್ಟು ಒಂದಷ್ಟು ತಣ್ಣಗಾಗಿ ಬರುತ್ತದೆ. ಆಗ ಹೊದಿಕೆ ಬೇಡ.

ಚಳ್ಳಕೆರೆಯ ರೈತ ಮಹಿಳೆ:
ಹೊದಿಕೆ ತೆಗೆದರೆ ಮತ್ತೆ ಐದು ಮರದ ನೀರು ಹೋಗುತ್ತದೆ, ಅದೂ ಬೇಸಿಗೆಯಲ್ಲಿ. ಹೊದಿಕೆ ಹಾಗೇ ಇರಲಿ, ಪೈಪಿನಿಂದಲೇ ಎಷ್ಟಾಗುತ್ತದೋ ಅಷ್ಟು ತಣ್ಣಗಾಗಲಿ.

ಆನಗೋಡು ತೋಟದ ಮನೆ:
ಈ ವರ್ಷ ಬಬಲ್ ಶೀಟು, ಮೂಡಣ ಗೋಡೆ ಮತ್ತು 100 ಚದರ ಅಡಿ ಪ್ಲೇನ್ ಲ್ಯಾಟರಲ್ ಇಷ್ಟನ್ನು ಮಾಡುತ್ತೇನೆ. ಪ್ಯಾನೆಲ್ ಹಾಕಿಸುವುದಾದರೆ ಮನೆಯ ಬಿಲ್ಲಿಗಾಗಿ ಬೇರೆಯೇ ಹಾಕಿಸುತ್ತೇನೆ. ಕೊಟ್ಟಿಗೆಯ ಸೂರು ಕೊಳಕ್ಕಿಂತ ಹನ್ನೊಂದು ಅಡಿ ಎತ್ತರದಲ್ಲಿದೆ, ಅದಕ್ಕೆ ಬೇರೇನಾದರೂ ಎಚ್ಚರ ಬೇಕೇ?

ಹೊಳಲ್ಕೆರೆಯ ಡ್ರಿಪ್ ಕೆಲಸದವರು:
ಬೇಕು. ಪಂಪ್ ನಿಂತಾಗ ಮೇಲಿನ ನೀರೆಲ್ಲ ಕೆಳಕ್ಕೆ ಜಗ್ಗಿ ಒಳಗೆ ನಿರ್ವಾತವಾಗುತ್ತದೆ, ಬಿಸಿಲಿಗೆ ಮೆತ್ತಗಾದ ಲ್ಯಾಟರಲ್ ಚಪ್ಪಟೆಯಾಗುತ್ತದೆ. ಮೇಲಿನ ಹೆಡರ್‌ನ ಅತಿ ಎತ್ತರದ ತುದಿಯಲ್ಲಿ ತೋಟದ ಮೇನ್‌ಲೈನ್‌ಗೆ ಹಾಕುವಂಥದೇ, ಗಾಳಿಯನ್ನು ಒಳಕ್ಕೆ ಬಿಡುವ ಒಂದು ಏರ್ ವಾಲ್ವ್ ಇರಲಿ. ನೀರು ಪೂರ್ತಿ ಇಳಿದು ಪೈಪು ಖಾಲಿಯಾಗುವುದೇ ಒಳ್ಳೆಯದು. ನಿಂತ ನೀರು ಮಧ್ಯಾಹ್ನದ ಬಿಸಿಲಿಗೆ ಕಾದರೆ ಟೇಕಾಫ್‌ನಿಂದ ಪೈಪು ಕಳಚಿಕೊಳ್ಳುತ್ತದೆ, ಮರಳಿ ಶುರು ಮಾಡಿದಾಗ ಆ ಕುದಿ ನೀರು ಮೊದಲು ಕೊಳಕ್ಕೇ ಬೀಳುತ್ತದೆ. ವಾಪಸ್ ಪೈಪಿನ ಬಾಯಿಯನ್ನು ಮಕ್ಕಳು ಇಳಿಯುವ ಮೆಟ್ಟಿಲಿನಿಂದ ದೂರದ ಮೂಲೆಗೆ ಕೊಡಿ.