ರಾತ್ರಿ ಹತ್ತೂವರೆ ತನಕದ ಕೆಲಸ: ನಮ್ಮನೆ ಗುಂಪಿನ ಜಗಳ

ಹೋದ ವಾರ ನನ್ನ ತಮ್ಮ ಚೇತನ್ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಹಾಕಿದ. ಎರಡನೇ ಕೆಲಸದ ಆಫರ್ ಲೆಟರ್. ಅಲ್ಲಿಂದ ಶುರುವಾದ ಜಗಳ ಇದು. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ದೊಡ್ಡಪ್ಪನ ಫಾರ್ವರ್ಡ್‌ಗಳಲ್ಲಿ ಮುಕ್ಕಾಲು ಪಾಲು ಕತ್ತರಿಸಿದ್ದೇನೆ, ಅದಕ್ಕೂ ಅವರ ಒಪ್ಪಿಗೆ ಇದೆ. ಅತ್ತೆ ಅಂದರೆ ಅಪ್ಪನ ತಂಗಿ, ನರ್ಸ್ ಆಗಿ ನಿವೃತ್ತರಾದವರು. ಪುಟ್ಟ ಅವರ ಮಗ, ಸಂಖ್ಯಾಶಾಸ್ತ್ರ ಓದುತ್ತಿದ್ದಾನೆ. ಭಾವ ಎಚ್‌ಆರ್ ಕೆಲಸದಲ್ಲಿದ್ದಾರೆ. ರಶ್ಮಿ ಚೇತನ್ ಹೆಂಡತಿ. ಅಪ್ಪ ಅವರಿಬ್ಬರ ಜೊತೆಗೇ ಇದ್ದಾರೆ.

ಚೇತನ್: ಸೋಮವಾರದಿಂದ ಶುಕ್ರವಾರ, ಸಂಜೆ 6.30ರಿಂದ 10.30. ವಾರಕ್ಕೆ 20 ಗಂಟೆ. ಈಗಿನ ಸಂಬಳದ ಮೂರನೇ ಒಂದು ಪಾಲು ಕೊಡ್ತಾರೆ. ಈ ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಬೇಕು. ಏನಂತೀರಿ?

ದೊಡ್ಡಪ್ಪ: ಭೇಷ್! ದುಡಿಯುವ ವಯಸ್ಸಿನಲ್ಲಿ ದುಡಿಯಬೇಕು. ಹಗಲು ಆಫೀಸು, ಸಂಜೆ ಅಂಗಡಿಯವರ ಲೆಕ್ಕ ಬರೆಯೋದು. ನಾನೂ ಮಾಡಿದ್ದೇನೆ. ಏನೂ ಆಗಲ್ಲ.

ಪುಟ್ಟ: ಅಭಿನಂದನೆ ಚೇತನಣ್ಣ! ಪಾರ್ಟಿ ಯಾವಾಗ?

ಅತ್ತೆ: ಪಾರ್ಟಿ ಇರಲಿ, ನಿದ್ದೆ ಯಾವಾಗ ಅಂತ ಕೇಳು. ಎರಡು ದೋಣಿ ಮೇಲೆ ಕಾಲಿಡಬೇಡ ಕಣೋ ಚೇತು.

ಚೇತನ್: ಇರೋ ಒಂದು ದೋಣಿ ತೂತು ಬಿದ್ದರೆ ಏನು ಮಾಡೋದು ಅತ್ತೆ?

(ಆಗ ಈ ಮಾತು ಹಾಗೇ ದಾಟಿಹೋಯಿತು. ಯಾಕೆಂದರೆ ಅಷ್ಟರಲ್ಲಿ ದೊಡ್ಡಪ್ಪನ ಫಾರ್ವರ್ಡ್ ಬಂತು. ಐನ್‌ಸ್ಟೈನ್ ಹಗಲು ಪೇಟೆಂಟ್ ಕಚೇರಿಯಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಜಗತ್ತನ್ನೇ ಬದಲಿಸಿದ ಅಂತ. ಹಿಂದೆ ಉದಯಿಸುವ ಸೂರ್ಯನ ಚಿತ್ರ.)

ಪುಟ್ಟ: ಮಾವ, ಅವರು 1902ರಿಂದ 1909ರವರೆಗೆ ಬರ್ನ್ ಪೇಟೆಂಟ್ ಕಚೇರಿಯಲ್ಲಿದ್ದದ್ದು ನಿಜ. 1905ರಲ್ಲಿ ಭೌತಶಾಸ್ತ್ರದ ಆ ಹೆಸರಾಂತ ಲೇಖನಗಳು ಬಂದದ್ದೂ ನಿಜ. ಆದರೆ ಅದು ಎರಡನೇ ಕೆಲಸ ಹೇಗಾಗುತ್ತೆ? ಭೌತಶಾಸ್ತ್ರಕ್ಕೆ ಯಾರೂ ಸಂಜೆ 6.30ಕ್ಕೆ ಹಾಜರಿ ಹಾಕಿಸ್ತಿರಲಿಲ್ಲ. ಬೇಡ ಅನ್ನಿಸಿದ ದಿನ ಮಲಗಬಹುದಿತ್ತು.

ಅತ್ತೆ: 1904ರಲ್ಲಿ ಅವರಿಗೆ ಮಗ ಹುಟ್ಟಿದ್ದ. ಇವರು ಬರೆಯುತ್ತಾ ಕೂತಾಗ ಕೂಸನ್ನು ಯಾರು ನೋಡಿಕೊಂಡರು ಅಂತ ನಿಮ್ಮ ಫಾರ್ವರ್ಡಿನಲ್ಲಿ ಇದೆಯಾ ಅಣ್ಣ?

ದೊಡ್ಡಪ್ಪ: ಅದು ಹಾಕಿಲ್ಲ.

ಅತ್ತೆ: ಹಾಕಲ್ಲ.

ಅತ್ತೆ: ಚೇತು, ಬೆಳಿಗ್ಗೆ ಎಷ್ಟಕ್ಕೆ ಏಳ್ತೀಯ?

ಚೇತನ್: 6ಕ್ಕೆ.

ಅತ್ತೆ: ರಾತ್ರಿ 11ಕ್ಕೆ ಸ್ಕೂಟರ್ ಮೇಲೆ ಇರ್ತೀಯ. ಅಂದರೆ ಎದ್ದು 17 ಗಂಟೆ. 1997ರಲ್ಲಿ ಇದನ್ನೇ ಅಳೆದು ನೋಡಿದ್ದಾರೆ. 17 ಗಂಟೆ ಎಚ್ಚರ ಇದ್ದವನ ಕೈ, ಕಣ್ಣು, ತಲೆ ಎಷ್ಟು ನಿಧಾನ ಆಗುತ್ತೆ ಅಂದರೆ, ರಕ್ತದಲ್ಲಿ 0.05 ಪರ್ಸೆಂಟ್ ಮದ್ಯ ಇದ್ದವನಷ್ಟು. ಎಷ್ಟೋ ದೇಶಗಳಲ್ಲಿ ಅಷ್ಟು ಕುಡಿದರೆ ಗಾಡಿ ಓಡಿಸೋ ಹಾಗಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದ ಮೇಲೆ ನಾನೇ ಒಂದೇ ಚಾರ್ಟನ್ನು ಮೂರು ಸಲ ಓದಿದ್ದಿದೆ. ಅದು ಓದು, ಇದು ರಸ್ತೆ.

ಅತ್ತೆ: ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಸೇರಿ 2021ರಲ್ಲಿ ಹೇಳಿವೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35 ಪರ್ಸೆಂಟ್ ಜಾಸ್ತಿ. ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 17 ಪರ್ಸೆಂಟ್ ಜಾಸ್ತಿ. 2016ರ ಒಂದೇ ವರ್ಷದಲ್ಲಿ ಹೀಗೆ ಸತ್ತವರು ಸುಮಾರು 7,45,000. ನಿನ್ನದು 40ಕ್ಕೆ 20 ಸೇರಿ 60.

ದೊಡ್ಡಪ್ಪ: ನೂರಕ್ಕೆ 35 ಜನಕ್ಕೆ ಲಕ್ವ ಹೊಡೆಯುತ್ತಾ? ಸುಮ್ನೆ ಹೆದರಿಸಬೇಡ ಮಾರಾಯ್ತಿ.

ಪುಟ್ಟ: ಅಮ್ಮ, ಇಲ್ಲಿ ಮಾವ ಕೇಳಿದ್ದು ಸರಿ. ನೂರಕ್ಕೆ 35 ಅಲ್ಲ ಅದು. ಮೊದಲಿದ್ದ ಅಪಾಯ ಚಿಕ್ಕದು, ಆ ಚಿಕ್ಕದರ ಮೇಲೆ 35 ಪರ್ಸೆಂಟ್ ಜಾಸ್ತಿ. ಸತ್ತವರಲ್ಲಿ ಹೆಚ್ಚಿನವರು 60ರಿಂದ 79ರ ವಯಸ್ಸಿನವರು, 45 ದಾಟಿದ ಮೇಲೂ ಅಷ್ಟು ಹೊತ್ತು ದುಡಿದವರು. ಆರು ತಿಂಗಳು ಮಾಡಿದರೆ ಚೇತನಣ್ಣ ಬಿದ್ದುಹೋಗ್ತಾನೆ ಅಂತ ಅದರಲ್ಲಿ ಇಲ್ಲ.

ಅತ್ತೆ: ಆರು ತಿಂಗಳು ಅಂತ ಈ ಲೆಟರಿನಲ್ಲಿ ಎಲ್ಲಿದೆ ತೋರಿಸು.

(ಇರಲಿಲ್ಲ. ಶುರುವಿನ ತಾರೀಖು ದಪ್ಪಕ್ಷರದಲ್ಲಿತ್ತು, ಅಷ್ಟೇ. ಇಲ್ಲಿ ರಶ್ಮಿ ಹೆಸರಿನ ಕೆಳಗೆ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತ ಒಂದು ಸಾಲು ಬಂತು. ಮತ್ತೆ ಅವಳು ತುಂಬಾ ಹೊತ್ತು ಏನೂ ಬರೆಯಲಿಲ್ಲ.)

ನಾನು: ಚೇತು, ದುಡ್ಡಿನ ಲೆಕ್ಕ ಹಾಕಿದೆಯಾ?

ಚೇತನ್: ಮೂರನೇ ಒಂದು ಪಾಲು ಅಂದೆನಲ್ಲ ಅಕ್ಕ.

ನಾನು: ಅದು ತಿಂಗಳ ಲೆಕ್ಕ. ಗಂಟೆಯ ಲೆಕ್ಕ ನೋಡು. ಈಗ ಸಂಜೆ 6ಕ್ಕೆ ಮನೆ ಸೇರ್ತೀಯ. ಆಮೇಲೆ 11.10ಕ್ಕೆ. ಅಂದರೆ ದಿನಕ್ಕೆ 5 ಗಂಟೆ 10 ನಿಮಿಷ ಜಾಸ್ತಿ ಹೊರಗೆ. ಸಂಬಳ 4 ಗಂಟೆಗೆ ಮಾತ್ರ. ವಾರಕ್ಕೆ ಹತ್ತಿರ ಹತ್ತಿರ 26 ಗಂಟೆ ಕೊಟ್ಟು, ನಿನ್ನ ಈಗಿನ 13 ಗಂಟೆಯ ಸಂಬಳ ತಗೋತೀಯ. ಗಂಟೆಗೆ ಅರ್ಧ ರೇಟು.

ಚೇತನ್: ಮೋಸ ಅಕ್ಕ! ಎರಡನೆಯದಕ್ಕೆ ಓಡಾಟ ಸೇರಿಸಿದೆ, ಮೊದಲನೆಯದಕ್ಕೆ ಬಿಟ್ಟೆ. ಅಲ್ಲೂ ದಿನಕ್ಕೆ 2 ಗಂಟೆ ಓಡಾಟ ಇದೆ.

ನಾನು: ಸರಿ, ಸೇರಿಸೋಣ. ಮೊದಲ ಕೆಲಸಕ್ಕೆ 50 ಗಂಟೆ ಕೊಟ್ಟು 40 ಗಂಟೆಯ ಸಂಬಳ. ಹಾಗೆ ನೋಡಿದರೆ ಅಲ್ಲಿ 100 ಸಿಗುವ ಹೊತ್ತಿಗೆ ಇಲ್ಲಿ 64 ಸಿಗುತ್ತೆ. ಅರ್ಧ ಅಲ್ಲ, ಒಪ್ಪಿದೆ. ಇನ್ನು ತೆರಿಗೆ. ಈ ಆದಾಯ ಮೊದಲ ಸಂಬಳದ ಮೇಲೆ ಕೂರುತ್ತೆ, ಹಾಗಾಗಿ ನಿನ್ನ ಅತಿ ಮೇಲಿನ ದರದಲ್ಲಿ ಕಡಿತ ಆಗುತ್ತೆ. ಎರಡನೆಯವರಿಗೆ ಮೊದಲ ಸಂಬಳ ಗೊತ್ತಿರದಿದ್ದರೆ ತಿಂಗಳು ತಿಂಗಳು ಕಡಿಮೆ ಹಿಡಿದು, ವರ್ಷದ ಕೊನೆಗೆ ಒಟ್ಟಿಗೆ ಕಟ್ಟು ಅನ್ನೋದೂ ಇರುತ್ತೆ. ರಾತ್ರಿ ಹೊರಗಿನ ಊಟ ಬೇರೆ. ಕೈಗೆ ಉಳಿಯೋದು ಮೂರನೇ ಒಂದಲ್ಲ, ಕಾಲು ಭಾಗ ಅಂದುಕೋ.

ದೊಡ್ಡಪ್ಪ: ಕಾಲು ಭಾಗ ಏನು ಕಮ್ಮಿಯಾ?

(ಕಮ್ಮಿ ಅಲ್ಲ. ದೊಡ್ಡಪ್ಪ ಸಂಜೆ ಲೆಕ್ಕ ಬರೆದದ್ದರಿಂದಲೇ ಅಪ್ಪ ಓದಿದ್ದು. ಅವರ ಬಾಯಲ್ಲಿ ಆ ಮಾತು ಜಂಬ ಅಲ್ಲ, ನನಗೆ ಗೊತ್ತು.)

ಭಾವ: ಈಗಷ್ಟೇ ನೋಡಿದೆ. ಒಂದೇ ಪ್ರಶ್ನೆ. ಈಗಿನ ಕಂಪನಿಯ ಕರಾರಿನಲ್ಲಿ ಬೇರೆ ಕೆಲಸದ ಬಗ್ಗೆ ಏನಿದೆ?

ಚೇತನ್: ಮೊದಲೇ ಲಿಖಿತ ಒಪ್ಪಿಗೆ ಪಡೆಯಬೇಕು ಅಂತಿದೆ. ಪುಟ 4. ಆದರೆ ಯಾರೂ ಕೇಳಲ್ಲ ಭಾವ. ನಮ್ಮಲ್ಲೇ ಇಬ್ಬರು ಮಾಡ್ತಿದ್ದಾರೆ.

ಭಾವ: ಕೇಳಲ್ಲ, ಸರಿ. ಜನ ಕಡಿಮೆ ಮಾಡೋಕೆ ಪಟ್ಟಿ ಹಾಕುವ ದಿನದ ತನಕ ಕೇಳಲ್ಲ. ಆ ದಿನ ಕಾರಣ ಹುಡುಕುತ್ತಾರೆ. ನಿನ್ನ ಹೆಸರಿನ ಮುಂದೆ ಪುಟ 4 ರೆಡಿ ಇರುತ್ತೆ. ಎರಡೂ ಕಂಪನಿ ಒಂದೇ ಬಗೆಯ ವ್ಯಾಪಾರದ್ದಾದರೆ ಇನ್ನೂ ಕಷ್ಟ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಇನ್ನೊಬ್ಬರ ಒಂದು ಫೈಲ್ ತೆರೆದರೂ ಸಾಕು.

(ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಮೇಲೆ 'ಚೇತನ್ ಟೈಪ್ ಮಾಡುತ್ತಿದ್ದಾರೆ' ಅಂತ ಬರುತ್ತಿತ್ತು, ಹೋಗುತ್ತಿತ್ತು.)

ಚೇತನ್: ಪಟ್ಟಿ ಹಾಕ್ತಿದ್ದಾರೆ ಭಾವ. ಪಕ್ಕದ ಟೀಮಿನಲ್ಲಿ ಆಗಲೇ ನಾಲ್ಕು ಜನ ಹೋದರು. ನಾಳೆ ನನ್ನನ್ನೂ ತೆಗೆದರೆ ಕೈಯಲ್ಲಿ ಒಂದಾದರೂ ಇರಲಿ ಅಂತ ಇದನ್ನು ಹುಡುಕಿದ್ದು. ಆಸೆಬುರುಕತನಕ್ಕೆ ಅಲ್ಲ.

ದೊಡ್ಡಪ್ಪ: ಇದನ್ನು ಮೊದಲೇ ಹೇಳಬಾರದಾ ಮಗನೇ.

ಅತ್ತೆ: ತೂತು ಅಂದಾಗಲೇ ನಾನು ಕೇಳಬೇಕಿತ್ತು.

ಭಾವ: ಕೇಳು. ಭಯ ಅದಾದರೆ ಈ ಕೆಲಸ ಅದಕ್ಕೆ ಮದ್ದಲ್ಲ. ಒಂದು, ರಾತ್ರಿ 11.10ಕ್ಕೆ ಬಂದು ಬೆಳಿಗ್ಗೆ ತೂಕಡಿಸುತ್ತಾ ಕೂತರೆ ಪಟ್ಟಿಗೆ ಇನ್ನೂ ಹತ್ತಿರ ಆಗ್ತೀಯ. ಯುರೋಪಿಯನ್ ಒಕ್ಕೂಟದ ಕಾನೂನಿನಲ್ಲಿ ದಿನಕ್ಕೆ ಕನಿಷ್ಠ 11 ಗಂಟೆ ಸತತ ಬಿಡುವು ಇರಲೇಬೇಕು. ನಿನಗೆ 10.30ರಿಂದ ಬೆಳಿಗ್ಗೆ 9ಕ್ಕೆ ಹತ್ತೂವರೆ ಗಂಟೆ, ಅದರಲ್ಲೇ ಎರಡು ಸಲ ಓಡಾಟ. ಎರಡು, ಮೊದಲ ಕೆಲಸ ಹೋದರೆ ಮೂರನೇ ಒಂದು ಪಾಲಿನಲ್ಲಿ ಮನೆ ನಡೆಯುತ್ತಾ?

ಚೇತನ್: ನಡೆಯಲ್ಲ.

ಭಾವ: ಹಾಗಾದರೆ ನಿನಗೆ ಬೇಕಾಗಿರೋದು ಎರಡನೇ ಕೆಲಸ ಅಲ್ಲ. ಇನ್ನೊಂದು ಕೆಲಸ ಹುಡುಕುವಷ್ಟು ದಿನ ತಳ್ಳೋಕೆ ದುಡ್ಡು.

ನಾನು: ಅಂದರೆ ಇದಕ್ಕೆ ಒಂದು ಮೊತ್ತ ಇದೆ, ಒಂದು ಕೊನೆ ಇದೆ. ಮೂರು ತಿಂಗಳ ಸಂಬಳದಷ್ಟು ಬೇಕು ಅಂದುಕೋ. ತಿಂಗಳಿಗೆ ಕಾಲು ಭಾಗ ಉಳಿದರೆ 12 ತಿಂಗಳು. ಆಮೇಲೆ ಬಿಟ್ಟುಬಿಡು. 'ನೋಡೋಣ' ಅಂತ ಸೇರಿದವರು ಆ ದುಡ್ಡಿಗೆ ಹೊಸ ಖರ್ಚು ಹುಡುಕಿಕೊಳ್ತಾರೆ, ಆಮೇಲೆ ಬಿಡೋಕೆ ಆಗಲ್ಲ.

ಚೇತನ್: 12 ತಿಂಗಳು ಮಾಡ್ತೀನಿ ಅಕ್ಕ. ಆಗುತ್ತೆ.

ರಶ್ಮಿ: ನಾನೂ ಸ್ವಲ್ಪ ಹೇಳಲಾ?

ರಶ್ಮಿ: ಸಂಜೆ ನೀವು ಬಂದು ಶೂ ಬಿಚ್ಚುವ ಮೊದಲೇ ಚಿನ್ನು ಗಣಿತದ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿರ್ತಾಳೆ. 7ಕ್ಕೆ ಮಾವನ ಕಣ್ಣಿಗೆ ಡ್ರಾಪ್ಸ್. ಒಂದು ಬಾಟಲಿ ಹಾಕಿ, ಐದು ನಿಮಿಷ ಬಿಟ್ಟು ಇನ್ನೊಂದು. ಆ ಐದು ನಿಮಿಷ ಅವರು ಕಣ್ಣು ಮುಚ್ಚಿ ಕೂರಬೇಕು, ಪಕ್ಕದಲ್ಲಿ ಯಾರಾದರೂ ಇಲ್ಲದಿದ್ದರೆ ಎದ್ದು ಹೋಗ್ತಾರೆ. ಅದೇ 7ಕ್ಕೆ ನನ್ನ ಆಫೀಸಿನ ಕಾಲ್. ಇವತ್ತು ಇಷ್ಟೂ ನೀವೇ ಮಾಡ್ತಿದ್ದೀರಿ, ನಾನು ಇಲ್ಲ ಅನ್ನಲ್ಲ. ಆದರೆ ಈ ಮಾತುಕತೆಯಲ್ಲಿ ಎಲ್ಲರೂ ಆ 20 ಗಂಟೆ ಖಾಲಿ ಬಿದ್ದಿದೆ ಅನ್ನೋ ಹಾಗೆ ಲೆಕ್ಕ ಹಾಕ್ತಿದ್ದೀರಿ. ಖಾಲಿ ಇಲ್ಲ. ಅದು ನನ್ನ ಮೇಲೆ ಬರುತ್ತೆ. ಲೆಟರಿನಲ್ಲಿ ನನ್ನ ಸಹಿಗೆ ಜಾಗ ಇಲ್ಲ.

(ಅಪ್ಪನಿಗೆ ಎರಡು ಬಾಟಲಿ ಡ್ರಾಪ್ಸ್ ಅಂತ ನನಗೆ ಗೊತ್ತಾದದ್ದು ಇಲ್ಲೇ.)

ದೊಡ್ಡಪ್ಪ: ರಶ್ಮಿ ಹೇಳೋದು ನ್ಯಾಯ. ನಾನು ಲೆಕ್ಕ ಬರೆಯೋಕೆ ಹೋಗ್ತಿದ್ದಾಗ ಮನೇಲಿ ನಿಮ್ಮ ದೊಡ್ಡಮ್ಮ ಇದ್ದಳು.

ಚೇತನ್: ಹಾಗಾದರೆ ಬೇಡ ಅಂತೀಯಾ ರಶ್ಮಿ? ಪಟ್ಟಿ ಬಂದರೆ?

ರಶ್ಮಿ: ಬೇಡ ಅಂತ ಹೇಳಿಲ್ಲ. ನನ್ನ ಸಂಬಳವನ್ನು ಯಾರೂ ಲೆಕ್ಕಕ್ಕೆ ತಗೊಂಡಿಲ್ಲ ಅಂತ ಹೇಳ್ತಿದ್ದೀನಿ. ನೀವು ಮನೇಲಿ ಕೂತರೂ ಅರ್ಧ ಖರ್ಚು ನನ್ನದರಲ್ಲಿ ನಡೆಯುತ್ತೆ. ಮೂರು ತಿಂಗಳು ತಳ್ಳೋಕೆ ನಿಮ್ಮ ಒಂದೂವರೆ ತಿಂಗಳ ಸಂಬಳ ಸಾಕು. ಅವರನ್ನು ಕೇಳಿ, ಶನಿವಾರ 8 ಗಂಟೆ ಕೊಡ್ತಾರಾ ಅಂತ. ಶನಿವಾರ ಚಿನ್ನುಗೆ ರಜೆ, ನನಗೂ ಕಾಲ್ ಇಲ್ಲ.

ಪುಟ್ಟ: 20 ಗಂಟೆ ಬದಲು 8. ದುಡ್ಡು ಐದರಲ್ಲಿ ಎರಡು ಪಾಲು. ಬೇಕಾದ ಮೊತ್ತ ಅರ್ಧ. 12 ತಿಂಗಳ ಬದಲು 15 ತಿಂಗಳು ಆಗುತ್ತೆ. ಮೂರೇ ತಿಂಗಳು ಜಾಸ್ತಿ! ವಾರಕ್ಕೆ ಒಟ್ಟು 48 ಗಂಟೆ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊದಲನೇ ಒಪ್ಪಂದ ಕಾರ್ಖಾನೆ ಕೆಲಸಕ್ಕೆ ಹಾಕಿದ ಮಿತಿಯೂ ಅದೇ 48.

ಅತ್ತೆ: 48 ಕೂಡ ಜಾಸ್ತಿನೇ. ಆದರೆ ರಾತ್ರಿ ಸ್ಕೂಟರ್ ಇಲ್ಲ. ನಾನು ಸುಮ್ಮನಾಗ್ತೀನಿ.

ಚೇತನ್: ಅವರು ಒಪ್ಪದಿದ್ದರೆ?

ಭಾವ: ಒಪ್ಪದಿದ್ದರೆ ಆ ಹೊತ್ತಿನಲ್ಲಿ ಬಯೋಡೇಟಾ ಸರಿ ಮಾಡಿ ಬೇರೆ ಮೊದಲ ಕೆಲಸ ಹುಡುಕು. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಒಪ್ಪಿದರೆ ಸಹಿಗೆ ಮುಂಚೆ ಪುಟ 4ರ ಒಪ್ಪಿಗೆ ಬರಹದಲ್ಲಿ ತಗೋ. ಬಾಯಿಮಾತು ಬೇಡ.

ಚೇತನ್: ಒಪ್ಪಿಗೆ ಕೇಳಿದರೇ ಪಟ್ಟಿಗೆ ಹೆಸರು ಹೋಗಲ್ವಾ ಭಾವ?

ಭಾವ: ಹೋಗಬಹುದು. ಅದು ನಿಜವಾದ ಅಪಾಯವೇ. ಕೇಳದೆ ಸಿಕ್ಕಿಬಿದ್ದರೆ ಮುಂದಿನ ಕಂಪನಿಗೂ ಅದು ಗೊತ್ತಾಗುತ್ತೆ. ಎರಡರಲ್ಲಿ ನಾನಾಗಿದ್ದರೆ ಕೇಳ್ತಿದ್ದೆ. ತೀರ್ಮಾನ ನಿನ್ನದು.

(ಈ ಒಂದು ವಿಷಯ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ದೊಡ್ಡಪ್ಪ ಕೇಳಬೇಡ ಅಂತಾರೆ, ಪುಟ್ಟನೂ. ನನಗೆ ಭಾವನ ಮಾತೇ ಸರಿ ಅನ್ನಿಸುತ್ತೆ, ಆದರೆ ಪಟ್ಟಿಯ ಭಯ ಇರುವುದು ನನಗಲ್ಲ.)

ಚೇತನ್: ಮೇಲ್ ಬರೆದಿದ್ದೀನಿ, ನೋಡಿ. 'ನಿಮ್ಮ ಆಫರ್‌ಗೆ ಧನ್ಯವಾದ. ವಾರದ ದಿನಗಳ ಸಂಜೆ ನನಗೆ ಆಗುವುದಿಲ್ಲ. ವಾರಾಂತ್ಯದಲ್ಲಿ 8 ಗಂಟೆ, 15 ತಿಂಗಳ ಅವಧಿಗೆ ಸಾಧ್ಯವಿದೆಯೇ? ಈಗಿನ ಕಂಪನಿಯ ಒಪ್ಪಿಗೆ ಬಂದ ಮೇಲೆ ಸಹಿ ಮಾಡುತ್ತೇನೆ.'

ಭಾವ: ಚೆನ್ನಾಗಿದೆ.

ರಶ್ಮಿ: ವಾರಾಂತ್ಯ ಅಂತ ಬೇಡ, ಶನಿವಾರ ಅಂತ ಬರೀರಿ. ಇಲ್ಲದಿದ್ದರೆ ಭಾನುವಾರವೂ ಕರೀತಾರೆ.