ಅರಸೀಕೆರೆ ಕಡೆಯ ಕಂದು ಹಲ್ಲಿಗೆ ಹುಳುಕು ಯಾಕೆ ಕಮ್ಮಿ?

ಚಿಕ್ಕಮಗಳೂರು ಹುಡುಗ:
ನಮ್ಮ ಮನೆಯವಳ ತವರು ಅರಸೀಕೆರೆ ಹತ್ತಿರದ ಹಳ್ಳಿ. ಅಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದ ಸುಮಾರು ಜನರ ಹಲ್ಲು ಕಂದು. ಮುಂದಿನ ಹಲ್ಲಿನ ಮೇಲೆ ಅಡ್ಡಡ್ಡ ಗೆರೆ, ಮಧ್ಯೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ. ನನ್ನ ಭಾಮೈದ ಎಲೆ ಅಡಿಕೆ ಕೂಡ ಹಾಕಿದವನಲ್ಲ, ಆದರೂ ಕೆಲಸದ ಇಂಟರ್‌ವ್ಯೂನಲ್ಲಿ ಗುಟ್ಕಾ ಅಭ್ಯಾಸ ಇದೆಯಾ ಅಂತ ಕೇಳಿದರಂತೆ. ವಿಚಿತ್ರ ಅಂದರೆ ನಮ್ಮ ಮಾವನಿಗೂ ಅದೇ ಕಂದು ಹಲ್ಲು, ವಯಸ್ಸು ಎಪ್ಪತ್ತು ದಾಟಿದೆ, ಹುಳುಕು ಅನ್ನೋದೇ ಇಲ್ಲ, ಇವತ್ತಿಗೂ ಕೋಡುಬಳೆ ಕಟಕಟ ಅಂತ ಕಡಿಯುತ್ತಾರೆ. ಇಲ್ಲಿ ಗುಡ್ಡದ ಝರಿ ನೀರು ಕುಡಿದ ನನಗೆ ಹಲ್ಲು ಬೆಳ್ಳಗಿದೆ, ರೂಟ್ ಕೆನಾಲೂ ಆಗಿದೆ! ಇದಕ್ಕೇನಾದರೂ ಕಾರಣ ಇದೆಯಾ? ಹಲ್ಲಿನ ಬಗ್ಗೆ ಬೇರೆ ವಿಚಿತ್ರ ಗೊತ್ತಿದ್ದರೆ ಅದನ್ನೂ ಹಾಕಿ.

ಹಾಸನದ ಹಲ್ಲಿನ ಡಾಕ್ಟ್ರು:
ಕಾರಣ ಇದೆ ಸರ್, ಮತ್ತೆ ಇದೇ ಪ್ರಶ್ನೆಯಿಂದ ನಮ್ಮ ವೃತ್ತಿಯ ಚರಿತ್ರೆಯೇ ತಿರುಗಿದ್ದು. 1901ರಲ್ಲಿ ಫ್ರೆಡರಿಕ್ ಮೆಕೇ ಅನ್ನುವ ಹೊಸ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ. ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು. ಯಾಕೆ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ಈತ ಬಿಡಲಿಲ್ಲ, ವರ್ಷಗಟ್ಟಲೆ ಬೆನ್ನು ಹತ್ತಿದ. ಆ ಹಲ್ಲಿಗೆ ಹುಳುಕು ಹಿಡಿಯುವುದು ಕಮ್ಮಿ ಅನ್ನೋದೂ ಗೊತ್ತಾಯಿತು, ನೀವು ಮಾವನ ಬಾಯಲ್ಲಿ ನೋಡಿದ್ದೇ ಅದು. ನೀರಿನ ಮೇಲೆ ಅನುಮಾನ ಇತ್ತು, ಆದರೆ ಆಗಿನ ಪರೀಕ್ಷೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಕೊನೆಗೆ 1931ರಲ್ಲಿ ಅಲ್ಯೂಮಿನಿಯಂ ಕಂಪನಿಯ ರಸಾಯನತಜ್ಞ ಚರ್ಚಿಲ್, ಇದೇ ಕಂದು ಹಲ್ಲು ಕಂಡುಬಂದಿದ್ದ ತನ್ನ ಕಂಪನಿಯ ಊರಾದ ಬಾಕ್ಸೈಟ್‌ನ ನೀರು ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಫ್ಲೋರೈಡ್. ಕಂಪನಿಗೆ ತನ್ನ ಅಲ್ಯೂಮಿನಿಯಂ ಪಾತ್ರೆಗಳ ಮೇಲೆ ಆರೋಪ ಬರುತ್ತದೇನೋ ಅನ್ನೋ ಚಿಂತೆಯಿತ್ತು, ಉಪಕಾರವಾಗಿದ್ದು ಎಲ್ಲರ ಹಲ್ಲಿಗೆ.

ನಾವು ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಅದು ಎನಾಮೆಲ್‌ನ, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರದ ಖನಿಜ ಕರಗಿಸುತ್ತದೆ. ಫ್ಲೋರೈಡ್ ಇದ್ದರೆ ಹಾಗೆ ಕರಗುವುದು ಕಮ್ಮಿ. ಅದೇ ಫ್ಲೋರೈಡ್ ಜಾಸ್ತಿಯಾದರೆ, ವಸಡಿನೊಳಗೆ ಹಲ್ಲು ತಯಾರಾಗುವಾಗಲೇ ಎನಾಮೆಲ್ ಕೆಡುತ್ತದೆ, ಸಣ್ಣ ಸಣ್ಣ ರಂಧ್ರ ಉಳಿದು ಹಲ್ಲು ಬಂದ ಮೇಲೆ ಕಂದು ಬಣ್ಣ ಹಿಡಿಯುತ್ತದೆ. ಅದಕ್ಕೇ ದೊಡ್ಡವರಾದ ಮೇಲೆ ಆ ಊರಿಗೆ ಬಂದವರ ಹಲ್ಲಿಗೆ ಈ ಕಲೆ ಬರುವುದಿಲ್ಲ, ಬೇಕಾದರೆ ಹೊರಗಿನಿಂದ ಬಂದ ಸೊಸೆಯಂದಿರನ್ನು ನೋಡಿ. ಆದರೆ ಕಂದು ಹಲ್ಲೇ ಒಳ್ಳೆಯದು ಅಂದುಕೊಳ್ಳಬೇಡಿ. ತೀರಾ ಜಾಸ್ತಿಯಾದರೆ ಎನಾಮೆಲ್ ಗುಳಿ ಬಿದ್ದು ಚಕ್ಕೆ ಏಳುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲಿಗೂ ತೊಂದರೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ಲೆಕ್ಕ.

ಎಸ್ಟೇಟ್ ರೈಟರ್, ಸಕಲೇಶಪುರ:
ವಿಚಿತ್ರ ಕೇಳಿದಿರಲ್ಲ, ನಮ್ಮ ತೋಟಕ್ಕೆ ಬರುವ ಮಹಾರಾಯನದ್ದು ಕೇಳಿ. ಆನೆಗೆ ದವಡೆ ಹಲ್ಲು ಜೀವಮಾನದಲ್ಲಿ ಆರು ಸಲ ಬರುತ್ತದೆ. ನಮ್ಮ ಹಾಗೆ ಕೆಳಗಿನಿಂದ ಮೇಲಕ್ಕಲ್ಲ, ಹಿಂದಿನಿಂದ ಮುಂದಕ್ಕೆ ತಳ್ಳಿಕೊಂಡು ಬರುತ್ತದೆ, ಸವೆದ ಹಳೆಯದು ಚೂರು ಚೂರಾಗಿ ಮುಂದೆ ಉದುರುತ್ತದೆ. ಬೈನೆ ಮರ ಸೀಳಿ ನಾರು ಸಮೇತ ಜಗಿಯುವ ಬಾಯಿ, ಸವೆಯದೆ ಇರುತ್ತಾ? ಆರನೆಯದೂ ಸವೆದರೆ ಮುಗಿಯಿತು, ಮುದಿ ಆನೆ ಮೇವು ಅಗಿಯಲಾಗದೆ ಸೊರಗಿ ಸಾಯುತ್ತದೆ. ಇನ್ನೊಂದು, ದಂತ ಅಂತ ಕರೆಯುವುದು ಅದರ ಕೋರೆ ಹಲ್ಲಲ್ಲ, ಮೇಲಿನ ಬಾಚಿ ಹಲ್ಲು.

ಕಡೂರು ಎಕ್ಸ್‌ಪ್ರೆಸ್:
ಸಂತೆಯಲ್ಲಿ ನೆಲಗುಳ್ಳದ ಬೀಜದ ಹೊಗೆ ಕೊಟ್ಟು ಹಲ್ಲಿನ ಹುಳ ತೆಗೀತೀವಿ ಅಂತ ಕೂರುತ್ತಿದ್ದರು, ನೆನಪಿದೆಯಾ? ಅಜ್ಜಿ ಸಾಯುವವರೆಗೂ ನಂಬಿದ್ದರು. ನಮ್ಮವರೇ ಅಲ್ಲ, ಬ್ಯಾಬಿಲೋನಿನವರೂ ಜೇಡಿಮಣ್ಣಿನ ಹಲಗೆ ಮೇಲೆ ಹಲ್ಲಿನ ಹುಳಕ್ಕೆ ಮಂತ್ರ ಬರೆದಿಟ್ಟಿದ್ದಾರೆ. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ಇಂಥ ಹುಳ ಇಲ್ಲ ಅಂತ ಪುಸ್ತಕದಲ್ಲೇ ಬರೆದ, ಆದರೂ ಸಂತೆಯವರ ವ್ಯಾಪಾರ ನಿಲ್ಲಲಿಲ್ಲ ನೋಡಿ.

ಚಿಕ್ಕಮಗಳೂರು ಹುಡುಗ:
ಡಾಕ್ಟ್ರೇ, ಹಾಗಾದರೆ ರಜೆಗೆ ಅಜ್ಜಿ ಮನೆಗೆ ಹೋಗುವ ಮಗಳಿಗೆ ನೀರು ಕಾಯಿಸಿ ಕೊಟ್ಟರೆ ಸಾಕಾ? ಪೇಸ್ಟಲ್ಲೂ ಫ್ಲೋರೈಡ್ ಇದೆಯಲ್ಲ, ಅದನ್ನೂ ಬಿಡಿಸಬೇಕಾ? ಭಾಮೈದನ ಹಲ್ಲಿಗೆ ಏನಾದರೂ ದಾರಿ ಇದೆಯಾ?

ಹಾಸನದ ಹಲ್ಲಿನ ಡಾಕ್ಟ್ರು:
ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಊರಲ್ಲಿದ್ದರೆ, ಅದರ ಫಿಲ್ಟರ್ ಸರಿಯಾಗಿ ಬದಲಾಯಿಸುತ್ತಿದ್ದರೆ, ಕುಡಿಯೋಕೂ ಅಡುಗೆಗೂ ಅದೇ ಬಳಸಿ. ಮಳೆ ನೀರು ಹಿಡಿದಿದ್ದರೆ ಅದರಲ್ಲಿ ಫ್ಲೋರೈಡ್ ತಾಪತ್ರಯ ಇಲ್ಲ. ಇಲ್ಲಿ ನಿಮ್ಮ ಮನೆಯಲ್ಲಿ ಪೇಸ್ಟ್ ಬಿಡಿಸಬೇಡಿ, ಬಟಾಣಿ ಕಾಳಿನಷ್ಟು ಸಾಕು, ನುಂಗದೆ ಉಗುಳೋದು ಕಲಿಸಿ. ಭಾಮೈದನಿಗೆ ಮಾತ್ರ ಉಪ್ಪು, ಇದ್ದಿಲು, ನಿಂಬೆಹಣ್ಣು ಹಾಕಿ ಉಜ್ಜೋದು ಬೇಡ ಅಂತ ಇವತ್ತೇ ಹೇಳಿ. ಕಲೆ ಎನಾಮೆಲ್‌ನ ಒಳಗಿದೆ, ಉಜ್ಜಿದರೆ ಎನಾಮೆಲ್ ಸವೆಯುತ್ತದೆ, ಅದು ಮತ್ತೆ ಬೆಳೆಯಲ್ಲ. ತೆಳು ಕಲೆಯಾದರೆ ಕ್ಲಿನಿಕ್‌ನಲ್ಲಿ ಮೇಲ್ಪದರ ಲೈಟಾಗಿ ಪಾಲಿಶ್ ಮಾಡಿ ಬ್ಲೀಚ್ ಮಾಡಬಹುದು, ಗಾಢವಾಗಿದ್ದರೆ ಮೇಲೆ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಕೂರಿಸುತ್ತಾರೆ.